ಕೆಮಿಕಲ್ ಎಂಜಿನಿಯರಿಂಗ್ ಮಕ್ಕಳಿಗೆ ಅಪಾಯದ ಲೆಕ್ಕವನ್ನೂ ಕಲಿಸಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಕಾರವಾರದಿಂದ ನಮಸ್ಕಾರ. ನನ್ನ ಬೇಡಿಕೆ ಒಂದೇ. ರಾಜ್ಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರೂ ಪ್ರೊಸೆಸ್ ಸೇಫ್ಟಿ, ಅಂದರೆ ಕಾರ್ಖಾನೆಯಲ್ಲಿ ಕ್ರಿಯೆ ಕೈತಪ್ಪದಂತೆ, ಅನಿಲ ಸೋರದಂತೆ ನೋಡಿಕೊಳ್ಳುವ ವಿದ್ಯೆ, ಕಲಿತೇ ಡಿಗ್ರಿ ಪಡೆಯಬೇಕು. ಕೊನೇ ಸೆಮಿಸ್ಟರಿನಲ್ಲಿ ಯಾರನ್ನೋ ಕರೆಸಿ ಭಾಷಣ ಮಾಡಿಸಿದರೆ ಸಾಲದು. ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಯುವ ದೊಡ್ಡ ಪಾತ್ರೆ) ಡಿಸೈನ್ ಪಾಠದ ಒಳಗೇ ಲೆಕ್ಕ ಬಿಡಿಸಿ ಕಲಿಯಬೇಕು, ಅದಕ್ಕೆ ಅಂಕವೂ ಇರಬೇಕು.

ನಾನೂ ಕೆಮಿಕಲ್ ಎಂಜಿನಿಯರೇ. ತರಬೇತಿಗೆ ಬರುವ ಮಕ್ಕಳನ್ನು ಸೇಫ್ಟಿ ಅಂದರೇನು ಎಂದು ಕೇಳಿದರೆ ಹೆಲ್ಮೆಟ್, ಶೂ, ಗ್ಲೌಸ್ ಎನ್ನುತ್ತಾರೆ. ತಲೆ ಮೇಲೆ ಬೋಲ್ಟ್ ಬಿದ್ದರೆ ಹೆಲ್ಮೆಟ್ ಸಾಕು. ರಿಯಾಕ್ಟರ್ ಕೈತಪ್ಪಿದರೆ?

ಕೈತಪ್ಪುವ ಗಣಿತ ಅವರಿಗೆ ಗೊತ್ತಿರುವುದೇ. ಪಾತ್ರೆಯ ಉದ್ದ, ಅಗಲ, ಎತ್ತರ 10 ಪಟ್ಟಾದರೆ ಒಳಗಿನ ದ್ರವ 1000 ಪಟ್ಟಾಗುತ್ತದೆ. ಶಾಖ ಹೊರಹೋಗುವ ಗೋಡೆ 100 ಪಟ್ಟು ಮಾತ್ರ. ಲ್ಯಾಬಿನ ಫ್ಲಾಸ್ಕಿನಲ್ಲಿ ತೆಪ್ಪಗೆ ನಡೆದ, ಶಾಖ ಹೊಮ್ಮಿಸುವ ಕ್ರಿಯೆ ದೊಡ್ಡ ರಿಯಾಕ್ಟರಿನಲ್ಲಿ ಬಿಸಿಯಾಗುತ್ತಾ ಹೋಗುತ್ತದೆ, ಬಿಸಿಯಾದಷ್ಟೂ ವೇಗ ಜಾಸ್ತಿ. 2007ರಲ್ಲಿ ಅಮೆರಿಕದ ಫ್ಲಾರಿಡಾದ ರಾಸಾಯನಿಕ ಕಾರ್ಖಾನೆ ಟಿ2 ಲ್ಯಾಬೊರೇಟರೀಸ್‌ನಲ್ಲಿ ತಂಪು ಮಾಡುವ ವ್ಯವಸ್ಥೆ ಕೈಕೊಟ್ಟಿತು. ಬದಲಿ ವ್ಯವಸ್ಥೆ ಇರಲಿಲ್ಲ. ಸ್ಫೋಟದಲ್ಲಿ ನಾಲ್ವರು ಸತ್ತರು. ತನಿಖೆ ಮಾಡಿದ ಮಂಡಳಿ ಕಂಪನಿಯ ತಪ್ಪು ಪಟ್ಟಿ ಮಾಡಿ ಸುಮ್ಮನಾಗಲಿಲ್ಲ. ಇಂಥ ಕ್ರಿಯೆಗಳ ಅಪಾಯವನ್ನು ಪದವಿಯಲ್ಲೇ ಕಲಿಸಿ ಎಂದಿತು. ಅಲ್ಲಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ನಿಯಮವನ್ನೇ ಬದಲಿಸಿತು. ನಾಲ್ಕು ಸಾವಿಗೆ ಅಷ್ಟಾಯಿತು. 1984ರ ಭೋಪಾಲ್ ನಮ್ಮದೇ ಅಲ್ವಾ? ಅಲ್ಲಿ ವಿಷ ರಾಸಾಯನಿಕದ ಟ್ಯಾಂಕನ್ನು ತಂಪಾಗಿಡುವ ಯಂತ್ರ ನಿಲ್ಲಿಸಿದ್ದರು, ಸೋರಿದ್ದನ್ನು ಸುಡುವ ಫ್ಲೇರ್ ಕೆಲಸಕ್ಕಿರಲಿಲ್ಲ. ಇವುಗಳಲ್ಲಿ ಯಾವುದು ಕೆಟ್ಟರೆ ಪ್ಲಾಂಟ್ ನಿಲ್ಲಿಸುತ್ತೀರಿ, ಯಾಕೆ? ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಕೇಳಬಹುದು.

ನಮ್ಮ ಕರಾವಳಿಯಲ್ಲೂ ಪ್ರಶ್ನೆಗಳಿಗೆ ಬರವಿಲ್ಲ. ಕಾರವಾರದ ಹತ್ತಿರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ತಯಾರಾಗುತ್ತದೆ. ಉಪ್ಪುನೀರಿಗೆ ಕರೆಂಟ್ ಹಾಯಿಸಿ ಅದನ್ನು ಮಾಡುವಾಗ ಕ್ಲೋರಿನ್ ಕೂಡ ಬರುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲ ಹಿಡಿದೇ ಹರಡುತ್ತದೆ. ಇಲ್ಲಿ ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಡಲು. ಹಗಲು ಗಾಳಿ ಕಡಲಿಂದ ಊರಿಗೆ, ರಾತ್ರಿ ಊರಿಂದ ಕಡಲಿಗೆ. ಹಾಗಾದರೆ ಮಧ್ಯಾಹ್ನ ಸೋರಿದರೆ ಜನರನ್ನು ಯಾವ ಕಡೆ ಕಳಿಸಬೇಕು, ನಡುರಾತ್ರಿ ಸೋರಿದರೆ ಯಾವ ಕಡೆ? 2015ರಲ್ಲಿ ಕುಮಟಾ ಹತ್ತಿರದ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಹೆದ್ದಾರಿ ಪಕ್ಕದ ಜನ ಬೆಂದುಹೋದರು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿಗೆ ಬಿತ್ತು. ಇವನ್ನೆಲ್ಲ ಮಕ್ಕಳು ಪೇಪರಿನಲ್ಲಿ ಓದುತ್ತಾರೆ, ಕ್ಲಾಸಿನಲ್ಲಿ ಓದುವುದಿಲ್ಲ.

ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರವೂ ಬೇಡ. ಪ್ರತಿ ಪ್ರಯೋಗಕ್ಕೂ ಮೊದಲು ಲ್ಯಾಬ್ ರೆಕಾರ್ಡಿನಲ್ಲಿ ಒಂದು ಪುಟ ಬರೆಸಿ: ನೀರು ನಿಂತರೆ? ಕರೆಂಟ್ ಹೋದರೆ? ತಪ್ಪು ವಾಲ್ವ್ ತೆರೆದರೆ? ಕಾರ್ಖಾನೆಯಲ್ಲಿ ಹಜಾಪ್ (ಎಲ್ಲೆಲ್ಲಿ ಏನು ತಪ್ಪಬಹುದು ಎಂದು ಒಂದೊಂದಾಗಿ ಹುಡುಕುವ ಪರಿಶೀಲನೆ) ಅಂತ ದಿನಗಟ್ಟಲೆ ಕೂತು ಮಾಡುವುದೂ ಇದನ್ನೇ. (ಅಲ್ಲಿ ಚಹಾ ಸಿಗುತ್ತದೆ, ಅಷ್ಟೇ ವ್ಯತ್ಯಾಸ.)

ಕಷ್ಟ ಇರುವುದು ಮೇಷ್ಟ್ರುಗಳ ವಿಷಯದಲ್ಲಿ. ಪ್ಲಾಂಟಿನಲ್ಲಿ ಒಂದು ರಾತ್ರಿ ಪಾಳಿಯನ್ನೂ ಮಾಡದವರು ಇದನ್ನು ಪುಸ್ತಕ ನೋಡಿ ಕಲಿಸಬೇಕಾಗುತ್ತದೆ. ತಪ್ಪು ಅವರದಲ್ಲ. ರಜೆಯಲ್ಲಿ ಅವರನ್ನು ಒಂದು ತಿಂಗಳು ಸಂಬಳ ಸಮೇತ ಕಾರ್ಖಾನೆಗೆ ಕಳಿಸಿ. ಪಠ್ಯ ಪರಿಷ್ಕರಿಸುವ ಸಮಿತಿಯಲ್ಲೂ ಶಿಫ್ಟ್ ನಡೆಸಿದ ಒಬ್ಬಿಬ್ಬರು ಇರಲಿ. ಕರೆದರೆ ನಾನು ಸ್ವಂತ ಖರ್ಚಿನಲ್ಲೇ ಬರುತ್ತೇನೆ.

ಇಂತಿ,
ಕಾರವಾರದ ಒಬ್ಬ ಕೆಮಿಕಲ್ ಎಂಜಿನಿಯರ್