ಬೀಗ ಹಾಕಿದ ಮನೆಯಲ್ಲಿ ಒಂಟಿ ಗಿಳಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮಂಜೇಶ್ವರಗಳಿಂದ ದಿನವೂ ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋಗಿ, ಕತ್ತಲಾಗುವ ಹೊತ್ತಿಗೆ ಮನೆ ಸೇರುವವರಲ್ಲಿ ನಾನೂ ಒಬ್ಬಳು. ನಮ್ಮಂಥವರ ಮನೆಗಳಲ್ಲಿ ಗಿಳಿ ಸಾಕುವ ಆಸೆ ಈಚೆಗೆ ಹೆಚ್ಚುತ್ತಿರುವುದನ್ನು ಕಾಣುತ್ತಿದ್ದೇನೆ. ನಾಯಿಯಾದರೆ ತಿರುಗಾಡಿಸಬೇಕು, ಗಿಳಿಯಾದರೆ ಕಾಳು ನೀರು ಇಟ್ಟು ಬೀಗ ಹಾಕಿ ಹೊರಟರಾಯಿತು ಎಂದು ಸಹಪ್ರಯಾಣಿಕರು ಹೇಳುವುದನ್ನು ಕೇಳಿದ್ದೇನೆ. ಮೂರು ವರ್ಷಗಳ ಹಿಂದೆ ಅದನ್ನೇ ನಂಬಿ ನಾನು ಕಾಕಟೀಲ್ ಎಂಬ ಜುಟ್ಟಿನ ಪುಟ್ಟ ಗಿಳಿಯೊಂದನ್ನು ತಂದೆ. ಆ ನಂಬಿಕೆಗೆ ಹಕ್ಕಿ ತೆತ್ತ ಬೆಲೆಯನ್ನು ಕಂಡ ಮೇಲೆ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಗಿಳಿಯ ಜಾತಿಯ ಹಕ್ಕಿಗಳಿಗೆ ರಾತ್ರಿ ಹತ್ತರಿಂದ ಹನ್ನೆರಡು ಗಂಟೆಗಳ ನಿದ್ದೆ ಬೇಕು. ನಾನು ಏಳೂಕಾಲಕ್ಕೆ ಮನೆ ಬಿಟ್ಟರೆ ತಿರುಗಿ ಬರುವಾಗ ಆರೂವರೆ ದಾಟಿರುತ್ತದೆ. ಹಕ್ಕಿ ಎಚ್ಚರವಿದ್ದು ನಾನೂ ಮನೆಯಲ್ಲಿರುವ ಹೊತ್ತನ್ನು ಕೂಡಿಸಿ ನೋಡಿದರೆ ದಿನಕ್ಕೆ ಎರಡು ಗಂಟೆಯೂ ಕಷ್ಟ, ಅದರಲ್ಲಿಯೂ ಅಡುಗೆಯ ಪಾಲು ದೊಡ್ಡದು. ಆಸ್ಟ್ರೇಲಿಯಾದ ಬಯಲಿನಲ್ಲಿ ಹಿಂಡುಹಿಂಡಾಗಿ ಹಾರಾಡುವ, ಸಂಗಾತಿ ಕಣ್ಮರೆಯಾದೊಡನೆ ಕೂಗಿ ಕರೆದು ಉತ್ತರಕ್ಕಾಗಿ ಕಾಯುವ ಹಕ್ಕಿಗೆ ನಾನು ಕೊಟ್ಟದ್ದು ಹನ್ನೊಂದು ಗಂಟೆಗಳ ಮೌನವನ್ನು.

ಹಕ್ಕಿ ತಂದ ಎಂಟನೆಯ ತಿಂಗಳಿನಲ್ಲಿ ಪಂಜರದ ತಳದಲ್ಲಿ ಬೂದುಬಣ್ಣದ ಸಣ್ಣ ಗರಿಗಳು ಕಾಣತೊಡಗಿದವು. ಗರಿ ಉದುರುವ ಕಾಲ, ಗಾಬರಿ ಬೇಡ ಎಂದು ಹಕ್ಕಿ ಮಾರಿದ ಅಂಗಡಿಯವರು ಹೇಳಿದರು, ನಾನೂ ಒಪ್ಪಿಕೊಂಡೆ. ಆದರೆ ಒಂದು ಭಾನುವಾರ ಹತ್ತಿರ ಕೂತು ನೋಡಿದಾಗ ಎದೆಯ ಮೇಲೆ ನಾಣ್ಯದಗಲ ಬರಿಯ ಚರ್ಮ ಕೆಂಪಗೆ ಕಾಣುತ್ತಿತ್ತು. ತಲೆಯ ಜುಟ್ಟು, ಕೆನ್ನೆಯ ಕಿತ್ತಳೆ ಬೊಟ್ಟು ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ. ಸ್ವಂತ ಕೊಕ್ಕಿಗೆ ಸ್ವಂತ ತಲೆ ಎಟುಕುವುದಿಲ್ಲ. ತಲೆಯ ಗರಿ ನೆಟ್ಟಗಿದ್ದು ಎದೆ ಬೋಳಾಗಿದ್ದರೆ ಹಕ್ಕಿ ತನ್ನ ಗರಿಗಳನ್ನು ತಾನೇ ಕೀಳುತ್ತಿದೆ ಎಂದು ತಿಳಿಯಬೇಕೆಂಬುದನ್ನು ನಾನು ಕಲಿತದ್ದು ಆಮೇಲೆ. ಮಂಗಳೂರಿನ ವೈದ್ಯರೊಬ್ಬರು ಚರ್ಮರೋಗ, ಹೇನು, ಆಹಾರದ ಕೊರತೆ ಎಲ್ಲವನ್ನೂ ಪರೀಕ್ಷಿಸಿದ ಬಳಿಕ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದರು. ನನಗೆ ಉತ್ತರಿಸಲಾಗಲಿಲ್ಲ.

ಈಗ ಬೆಳಗ್ಗೆ ಹೊರಡುವಾಗ ಪಂಜರವನ್ನು ನೆರೆಮನೆಯ ಚಾವಡಿಗೆ ಒಯ್ದು ಇಡುತ್ತೇನೆ. ಅಲ್ಲಿನ ಮಲಯಾಳ ಮಾತಾಡುವ ಅಜ್ಜಿ ಅದನ್ನು ‘ತತ್ತಮ್ಮೇ’ (ಗಿಳಿಯೇ) ಎಂದು ಕರೆಯುತ್ತ ತರಕಾರಿ ಹೆಚ್ಚುತ್ತಾರೆ, ಅದು ಸಿಳ್ಳೆ ಹಾಕುತ್ತದೆ. ಕಾಳನ್ನು ಬಟ್ಟಲಿಗೆ ಸುರಿದಿಡುವುದನ್ನು ಬಿಟ್ಟು, ಅಡಿಕೆ ಹಾಳೆಯ ತುಂಡುಗಳಲ್ಲಿ ಮಡಚಿಯೂ ತೆಂಗಿನ ಗೆರಟೆಯಲ್ಲಿ ನಾರಿನಡಿ ಬಚ್ಚಿಟ್ಟೂ ಕೊಡುತ್ತೇನೆ. ಐದು ನಿಮಿಷದಲ್ಲಿ ತಿಂದು ಮುಗಿಸುತ್ತಿದ್ದುದನ್ನು ಹುಡುಕಿ ತೆಗೆಯಲು ಈಗ ಅದಕ್ಕೆ ಅರ್ಧ ಹಗಲು ಬೇಕು. ಬರಿಯ ಕಾಳಿನಿಂದ ಎ ಜೀವಸತ್ವದ ಕೊರತೆಯಾಗುವುದರಿಂದ ನುಗ್ಗೆಸೊಪ್ಪು, ಕ್ಯಾರೆಟ್ ಸೇರಿಸುತ್ತೇನೆ. ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದೆಂದು ತಿಳಿದ ದಿನವೇ ಆ ಬಾಣಲೆಯನ್ನು ಮನೆಯಿಂದ ಹೊರಹಾಕಿದೆ. ಎದೆಯ ಗರಿ ಬಹುಪಾಲು ಮರಳಿ ಬಂದಿದೆ. ಮತ್ತೆ ಮತ್ತೆ ಕಿತ್ತ ಒಂದೆಡೆ ಬುಡವೇ ಹಾಳಾಗಿ ಚರ್ಮ ಹಾಗೆಯೇ ಉಳಿದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಷ್ಟಾದರೂ ಇದು ಪಂಜರದಲ್ಲಿಯೇ ಹುಟ್ಟಿದ ವಿದೇಶಿ ತಳಿ. ನಮ್ಮ ತೋಟಗಳ ಒಣಗಿದ ತೆಂಗಿನ ಮರದ ಪೊಟರೆಗೆ ಕೈ ಹಾಕಿ ಹಸಿರು ಗಿಳಿಯ ಮರಿಗಳನ್ನು ತೆಗೆದು ಸಾಕುವವರೂ ಮಾರುವವರೂ ಇನ್ನೂ ಇದ್ದಾರೆ. ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಈ ನಾಡಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಅದು ಸಂರಕ್ಷಿತ ಪ್ರಾಣಿಗಳ ಎರಡನೆಯ ಅನುಸೂಚಿಯಲ್ಲಿದೆ. ಅಜ್ಜನ ಕಾಲದಿಂದಲೂ ಸಾಕಿದ್ದೇವೆ ಎಂಬ ಸಮಜಾಯಿಷಿ ಇಲ್ಲಿ ನಡೆಯದು. ಹಾಗೆಂದು ಬಹುಕಾಲ ಪಂಜರದಲ್ಲಿದ್ದ ಹಕ್ಕಿಯನ್ನು ಒಮ್ಮೆಲೇ ಹಾರಿಬಿಟ್ಟರೆ ಅದು ಕಾಗೆ ಬೆಕ್ಕುಗಳ ಪಾಲಾಗುತ್ತದೆ. ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ದಾರಿ.

ಬೇಸಿಗೆ ರಜೆಯಲ್ಲಿ ಮಕ್ಕಳ ಒತ್ತಾಯಕ್ಕೆ ಹಕ್ಕಿ ತರುವ ತಂದೆತಾಯಿಯರು, ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಅದರ ಹಗಲು ಹೇಗೆ ಕಳೆಯುತ್ತದೆಂದು ಮೊದಲೇ ಯೋಚಿಸಬೇಕು. ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲದು, ಅಂದರೆ ನಾಲ್ಕನೆಯ ತರಗತಿಯ ಮಗು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಹಕ್ಕಿ ಮನೆಯಲ್ಲಿರುತ್ತದೆ. ಮಾರುವವರು ಹಣ ತೆಗೆದುಕೊಳ್ಳುವ ಮುನ್ನ, ಆ ವೈದ್ಯರು ನನ್ನನ್ನು ಕೇಳಿದ ಪ್ರಶ್ನೆಯನ್ನೇ ಗಿರಾಕಿಗಳಿಗೆ ಕೇಳಲಿ. ಹಾಗೆಯೇ, ಒಂದು ಹಕ್ಕಿಯನ್ನು ತೋರಿಸಲು ನಾನು ರಜೆ ಹಾಕಿ ಮಂಗಳೂರಿಗೆ ಹೋಗಬೇಕಾಯಿತು. ನಮ್ಮ ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ, ಅದೂ ಸಂಜೆಯ ಹೊತ್ತು, ಸಾಕುಹಕ್ಕಿಗಳ ತಪಾಸಣೆಗೆ ಏರ್ಪಾಡಾಗಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇತಿ,
ಓರ್ವ ಓದುಗಿ, ಕುಂಬಳೆ