ಥೆರಪಿ ತಾಲೂಕಿಗೆ ಬರ್ಲಿ, ನಮ್ಮ ಕೂಸುಗಳಿಗೆ ಕಾಯೂ ವ್ಯಾಳ್ಯಾ ಇಲ್ಲ

ಸಂಪಾದಕರಿಗೆ ನಮಸ್ಕಾರ್ರಿ,

ಕಬ್ಬಿನ ಬಿಲ್ಲು, ಹದಗೆಟ್ಟ ರೋಡು, ಕುಡಿಯೂ ನೀರು ಇವೆಲ್ಲ ನಿಮ್ಮ ಪೇಪರ್‌ನ್ಯಾಗ ದಿನಾ ಬರ್ತಾವು, ಬರ್ಬೇಕು ಸೈತ. ಆದ್ರ ಮೂಗಿಗೆ ಪೈಪ್ ಹಾಕ್ಕೊಂಡು ಮನಿ ಒಳಗ ಮಲಗಿರೋ ಸಣ್ಣ ಕೂಸುಗಳ ಸುದ್ದಿ ಯಾವ ಪೇಪರ್‌ನ್ಯಾಗೂ ನಾ ನೋಡಿಲ್ರಿ, ಯಾಕಂದ್ರ ಅವು ಹೊರಗ ಬರಂಗಿಲ್ಲ, ಬಂದ್ರೂ ನಾವು ಸೆರಗು ಮುಚ್ಚಿ ಕರ್ಕೊಂಡು ಹೋಗ್ತೀವಿ, ಜನ ಏನಾಗೈತಿ ಅಂತ ಕೇಳ್ತಾರಂತ. ನಾನು ಅಂಥ ಒಂದು ಕೂಸಿನ ತಾಯಿ. ನೇಕಾರರ ಮನಿಯಾಕಿ, ಬನಹಟ್ಟಿದಾಗ ಇರ್ತೀನಿ. ನನ್ನ ಬೇಡಿಕಿ ಒಂದ ರೀ, ವಾರಕ್ಕ ಒಂದು ದಿನ ಆದ್ರೂ ಫಿಸಿಯೋಥೆರಪಿಯವ್ರು, ಸ್ಪೀಚ್ ಥೆರಪಿಯವ್ರು ತಾಲೂಕು ದವಾಖಾನಿಗೆ ಬರ್ಬೇಕು. ಯಾಕ ಅನ್ನೂದು ಹೇಳಾಕ ಸ್ವಲ್ಪ ಉದ್ದ ಬರಿಯಾಕತ್ತೀನಿ, ಕತ್ತರಿ ಹಾಕದ ಹಾಕ್ರಿ.

ನನ್ನ ಮಗಳಿಗೆ ಈಗ ಒಂದೂವರಿ ವರ್ಷ. ಹುಟ್ಟಿದ ಕೂಡ್ಲೆ ಅಳಲಿಲ್ಲ, ಮೆದುಳಿಗೆ ಆಕ್ಸಿಜನ್ ಕಡಿಮಿ ಬಿತ್ತು, ಎನ್‌ಐಸಿಯು ಅಂದ್ರ ಹುಟ್ಟಿದ ಕೂಸುಗಳ ಐಸಿಯುದಾಗ ಇಟ್ರು, ಅಲ್ಲೇ ಫಿಟ್ಸ್ ಚಾಲೂ ಆದ್ವು. ಮನಿಗೆ ಬರೂಮುಂದ ನಮ್ಮ ಕೈಯಾಗ ಕೂಸಿನ ಜೋಡಿ ಒಂದು ಫೈಲು, ಔಷಧಿ ಚೀಟಿ, ಮೂಗಿನ ಪೈಪು, ಸಿರಿಂಜು ಕೊಟ್ಟು ಕಳಿಸಿದ್ರು. ಆಕಿಗೆ ನುಂಗಾಕ ಸರಿ ಬರಂಗಿಲ್ಲ, ಬಾಯಿಲೆ ಹಾಕಿದ ಹಾಲು ಹೊಟ್ಟಿಗೆ ಹೋಗೂ ಬದ್ಲು ಶ್ವಾಸಕ್ಕ ಇಳದ್ರ ನ್ಯುಮೋನಿಯಾ ಆಗ್ತೈತಿ, ಅದಕ್ಕ ಪೈಪು. ಡಾಕ್ಟರ್ ಚೀಟಿ ಮ್ಯಾಲ ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ ಅಂತ ಬರ್ದಾರ. ಐದು ವರ್ಷದೊಳಗಿನ ಕೂಸು ಹೊರಳೂದು, ಕುಂದ್ರೂದು, ಕೈಲೆ ಹಿಡಿಯೂದು, ಮಾತು, ತಿಳುವಳಿಕಿ ಇವುಗಳೊಳಗ ಎರಡು ಇಲ್ಲಾ ಅದಕ್ಕಿಂತ ಹೆಚ್ಚಿನದ್ರಾಗ ಭಾಳ ಹಿಂದ ಬಿದ್ದಿದ್ರ ಹಿಂಗ ಅಂತಾರ.

ಒಂದು ಸಲ ಹಾಲು ಹಾಕೂದು ಹೆಂಗಿರತೈತಿ ಅಂತ ಹೇಳ್ತೀನ್ರಿ, ಆಮ್ಯಾಲ ನಿಮಗ ಉಳದದ್ದು ತಾನ ತಿಳೀತೈತಿ. ಮೊದ್ಲು ಕೈ ತೊಳಕೊಂಡು ಪೈಪಿನ ಮ್ಯಾಲಿನ ಗುರ್ತು ಮೂಗಿನ ಹಂತ್ಯಾಕ ಇದ್ದಲ್ಲೇ ಐತೇನು ನೋಡ್ಬೇಕು, ಸರದಿದ್ರ ಒಂದು ಹನಿನೂ ಹಾಕಂಗಿಲ್ಲ. ಸಿರಿಂಜಿನಿಂದ ಸ್ವಲ್ಪ ಎಳದು ಹೊಟ್ಟ್ಯಾಗಿನ ನೀರು ಬರ್ತೈತೇನು ನೋಡ್ಬೇಕು. ಆಮ್ಯಾಲ ಕೂಸಿನ ತಲಿ ಎತ್ತರ ಮಾಡಿ ತೊಡಿ ಮ್ಯಾಲ ಒರಗಿಸ್ಕೊಂಡು, ಸಿರಿಂಜಿನ ಒಳಗಿನ ದಂಟು ತಗದು, ಬರೇ ನಳಿಗಿಗೆ ಹಾಲು ಸುರುವಿ ಮ್ಯಾಲ ಎತ್ತಿ ಹಿಡದ್ರ ತಾನ ಇಳೀತೈತಿ. ಒತ್ತಿ ನೂಕಬಾರ್ದು. ಕೈ ಜೋಮು ಹಿಡದ್ರೂ ಇಳಸಂಗಿಲ್ಲ. ಕಡೀಕ ಸ್ವಲ್ಪ ನೀರು ಹಾಕಿ ಪೈಪು ಸ್ವಚ್ಛ ಮಾಡ್ಬೇಕು, ಇಲ್ಲಾಂದ್ರ ಹಾಲು ಕೂತು ಕಟ್ಕೋತೈತಿ. ಹಾಕಿದ ಮ್ಯಾಲ ಅರ್ಧಾ ತಾಸು ಹಂಗ ಎತ್ತರದಾಗ ಹಿಡ್ಕೊಂಡು ಕುಂದ್ರಬೇಕು, ಮಲಗಿಸಿದ್ರ ವಾಂತಿ ಬಂದು ಶ್ವಾಸಕ್ಕ ಹೋಗ್ತೈತಿ. ಇದು ಮುಗಿಯೂದ್ರಾಗ ಮುಂದಿನ ಹಾಲಿನ ವ್ಯಾಳ್ಯಾ ಬಂದಿರತೈತಿ. ರಾತ್ರಿನೂ ಇದ. ಮೊದ್ಲು ನಾನು ಮನ್ಯಾಗ ಕಂಡಿಕಿ ಸುತ್ತಿ ನಾಕು ರೊಕ್ಕಾ ಗಳಸ್ತಿದ್ದೆ, ಈಗ ಅದು ನಿಂತೈತಿ, ಮನಿಯವ್ರೊಬ್ರ ಮಗ್ಗದ ಮ್ಯಾಲ ಮನಿ ನಡೀತೈತಿ.

ನಮ್ಮ ಅತ್ತ್ಯಾರಿಗೆ, ಅಂದ್ರ ಮನಿಯವ್ರ ತಾಯಿಗೆ, ಓದಾಕ ಬರಂಗಿಲ್ರಿ. ಫಿಟ್ಸಿನ ಸಿರಪ್ ಎರಡು ಥರ, ಎರಡೂ ಬಾಟ್ಲಿ ನೋಡಾಕ ಒಂದ ನಮೂನಿ, ಅಳತಿ ಮಾತ್ರ ಬ್ಯಾರೆ. ಅವ್ರು ಮಗ್ಗದ ನೂಲು ತಂದು ಒಂದು ಬಾಟ್ಲಿ ಕೊಳ್ಳಿಗೆ ಕೆಂಪು, ಇನ್ನೊಂದಕ್ಕ ಹಸರು ಕಟ್ಟಿ, ಸಿರಿಂಜಿಗೂ ಅದ ಬಣ್ಣದ ನೂಲು ಅಳತಿ ಗೆರಿ ಮ್ಯಾಲ ಬಿಗದು ಕಟ್ಯಾರ. ಕೆಂಪು ಮುಂಜಾನೆ-ಸಂಜಿಕ, ಹಸರು ಬರೇ ರಾತ್ರಿ. ನನಗ ಜ್ವರ ಬಂದು ಮಲಗಿದಾಗ ಎಲ್ಲಾ ಅವ್ರ ಮಾಡಿದ್ರು, ಒಂದು ಹೊತ್ತೂ ತಪ್ಪಲಿಲ್ಲ. ಇದನ್ನ ಯಾಕ ಬರೀತೀನಿ ಅಂದ್ರ, ಹಳ್ಳ್ಯಾಗಿನ ಮಂದಿಗೆ ಇದೆಲ್ಲಾ ತಿಳಿಯಂಗಿಲ್ಲ ಅಂತ ದೊಡ್ಡ ದವಾಖಾನ್ಯಾಗ ಮಾತಾಡ್ತಾರ, ಅದು ಖರೆ ಅಲ್ಲ. ಒಮ್ಮಿ ಕುಂದರ್ಸಿ ಕಲಿಸಿದ್ರ ನಾವು ಮಾಡ್ತೀವಿ. ಕಲ್ಸಾವ್ರು ಹತ್ರ ಇಲ್ಲ, ಅಷ್ಟ.

ಈಗ ಥೆರಪಿ ಮಾತಿಗೆ ಬರ್ತೀನಿ. ಹುಟ್ಟಿದ ಕೂಸಿನ ಮೆದುಳು ಎರಡು ವರ್ಷ ತುಂಬೂದ್ರಾಗ ದೊಡ್ಡವ್ರ ಮೆದುಳಿನ ಸುಮಾರು ಶೇ 80ರಷ್ಟು ಗಾತ್ರ ಆಗಿರತೈತಿ. ಪೆಟ್ಟು ಬಿದ್ದ ಮೆದುಳು ಬ್ಯಾರೆ ದಾರಿ ಹುಡ್ಕೊಂಡು ಕಲಿಯೂ ತಾಕತ್ತು ಈ ವಯಸ್ಸಿನ್ಯಾಗ ಹೆಚ್ಚು, ಅದಕ್ಕ ಡಾಕ್ಟ್ರು ಎಷ್ಟು ಲಗೂ ಥೆರಪಿ ಚಾಲೂ ಮಾಡ್ತೀರಿ ಅಷ್ಟು ಚಲೋ ಅಂತಾರ. ಸಾಮಾನ್ಯ ಕೂಸಿಗೆ ಮೂರು-ನಾಕು ತಿಂಗಳಿಗೆ ಗೋಣು ನಿಲ್ತೈತಿ. ನನ್ನ ಮಗಳಿಗೆ ವರ್ಷ ತುಂಬಿದ ಮ್ಯಾಲ ನಿಂತೈತಿ, ಅದೂ ಥೆರಪಿಯಿಂದ. ಕೌದಿ ಬಿಗಿಯಾಗಿ ಸುತ್ತಿ ಎದಿ ಕೆಳಗ ಇಟ್ಟು ಬೋರಲಾಗಿ ಹಾಕೂದು, ಮುಂದ ಗಿಲಗಂಚಿ ಆಡಸೂದು, ತಲಿ ಎತ್ತಿದ ಕೂಡ್ಲೆ ಹೆಸ್ರು ಹಿಡದು ಕರಿಯೂದು. ಮೊದ್ಲು ನೆಲಕ್ಕ ಮುಖಾ ಹಚ್ಚಿ ಅಳ್ತಿದ್ಲು. ಈಗ ತಲಿ ಎತ್ತಿ ಅತ್ತೀನ ಹುಡಕ್ತಾಳ, ಅವ್ರ ದನಿ ಬಂದ ಕಡೆ ಹೊಳ್ಳಿ ನೋಡ್ತಾಳ. ನೋಡಾವ್ರಿಗೆ ಇದು ಸಣ್ಣದು ಅನಸಬಹುದು. ನಮ್ಮ ಮನ್ಯಾಗ ಅವತ್ತು ಹೋಳಿಗಿ ಮಾಡಿದ್ವಿ.

ಆದ್ರ ಈ ಥೆರಪಿ ಒಮ್ಮಿ ತೋರಿಸಿ ಬಿಡೂದಲ್ರಿ. ಕೂಸು ಬದಲಾದಂಗ ವ್ಯಾಯಾಮ ಬದಲಾಗ್ಬೇಕು, ಕೈಕಾಲು ಬಿಗಿ ಆಗಾಕತ್ತಿದ್ರ ಅದಕ್ಕ ಬ್ಯಾರೆ, ನುಂಗಾಕ ಕಲ್ಸೂದು ಬ್ಯಾರೆ, ಅದನ್ನ ಸ್ಪೀಚ್ ಥೆರಪಿಯವ್ರ ಮಾಡ್ತಾರ ಅನ್ನೂದು ನನಗೂ ಮೊದ್ಲು ಗೊತ್ತಿದ್ದಿಲ್ಲ. ಸರ್ಕಾರದಾಗ ವ್ಯವಸ್ಥಾ ಇಲ್ಲ ಅಂತಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಐತಿ, ಹುಟ್ಟಿದ ಕೂಸಿನಿಂದ 18 ವರ್ಷದ ತನಕ ಹುಟ್ಟು ದೋಷ, ಕೊರತಿ, ರೋಗ, ಬೆಳವಣಿಗಿ ಕುಂಠಿತ ಎಲ್ಲಾ ಹುಡುಕಿ ಫ್ರೀ ಟ್ರೀಟ್ಮೆಂಟ್ ಕೊಡ್ಸೂದು. ಅದಕ್ಕ ಜಿಲ್ಲಾ ಮಟ್ಟದಾಗ ಡಿಇಐಸಿ ಅಂತ ಸೆಂಟರ್ ಇರ್ಬೇಕು, ಒಂದ ಸೂರಿನ ಕೆಳಗ ಮಕ್ಕಳ ಡಾಕ್ಟರು, ಫಿಸಿಯೋ, ಕಿವಿ-ಮಾತಿನವ್ರು, ಕಣ್ಣಿನವ್ರು, ಮನಶ್ಶಾಸ್ತ್ರದವ್ರು ಎಲ್ಲಾ. ಯೋಜನಾ ಭಾಳ ಚಲೋ ಐತಿ. ತೊಂದ್ರಿ ಏನಂದ್ರ ಅದು ಜಿಲ್ಲಾ ಕೇಂದ್ರದಾಗ ನಿಂತ್ಬಿಡ್ತೈತಿ, ಕೂಸು ಇರೂದು ಊರಾಗ.

ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಬಾಗಲಕೋಟಿ. 2023ರ ಜೂನ್ 11ರಿಂದ ಹೆಣ್ಮಕ್ಕಳಿಗೆ ಬಸ್ ಫ್ರೀ ಆಗೈತಿ, ಅದು ನಮ್ಮಂಥವ್ರಿಗೆ ದೊಡ್ಡ ಉಪಕಾರ, ಟಿಕೆಟ್ ರೊಕ್ಕಕ್ಕ ಹಿಂದಮುಂದ ನೋಡೂದು ತಪ್ಪೈತಿ. ಆದ್ರ ಪೈಪ್ ಇರೋ ಕೂಸಿನ್ನ ತೊಡಿ ಮ್ಯಾಲ ಇಟ್ಕೊಂಡು ತುಂಬಿದ ಬಸ್ಸಿನ್ಯಾಗ ಹೋಗೂದು ಹೆಂಗ್ರಿ? ನಡಬರಕ ಹಾಲಿನ ವ್ಯಾಳ್ಯಾ ಆಗ್ತೈತಿ, ಬಸ್ ಕುಲುಕಾಟದಾಗ ಹಾಲು ಹಾಕಾಕ ಬರಂಗಿಲ್ಲ. ಬ್ಯಾಸಗ್ಯಾಗ ಜ್ವರ ಏರಿ ಫಿಟ್ಸ್ ಬಂದ್ರ ಅಲ್ಲೇ ಇಳೀಬೇಕು. ಹೋಗಿ ಬರೂದ್ರಾಗ ದಿನಾ ಮುಗೀತೈತಿ, ಮನಿಯವ್ರ ಒಂದು ದಿನದ ಪಗಾರ ಹೋಗ್ತೈತಿ, ಅಲ್ಲಿ ಸಿಗೂದು ಸ್ವಲ್ಪ ಹೊತ್ತಿನ ಥೆರಪಿ. ಬಾಗಲಕೋಟಿ-ಕುಡಚಿ ರೈಲು ನಮ್ಮ ಕಡೆ ಬರೂದನ್ನ ವರ್ಷಗಟ್ಟಲೆ ಕಾಯಾಕತ್ತೀವಿ, ಬಂದಿದ್ರ ಇಷ್ಟು ತ್ರಾಸ ಇರ್ತಿದ್ದಿಲ್ಲೇನೋ. ಹಿಂಗಾಗಿ ನಮ್ಮ ಕಡೆ ಭಾಳ ಮಂದಿ ಮೀರಜಕ್ಕ ಹೋಗ್ತಾರ, ದವಾಖಾನಿ ಚಲೋ ಅದಾವು ಅಂತ. ಖರೆ, ಆದ್ರ ಅದು ಮಹಾರಾಷ್ಟ್ರ, ರೊಕ್ಕಾ ಕೈಯಿಂದ ಕೊಡ್ಬೇಕು, ಮತ್ತ ನಮ್ಮ ಜಿಲ್ಲಾದ ಲೆಕ್ಕದಾಗ ಆ ಕೂಸು ಇರಂಗ ಇಲ್ಲ. ಲೆಕ್ಕದಾಗ ಇಲ್ಲಾಂದ ಮ್ಯಾಲ ಇಲ್ಲಿ ಥೆರಪಿಸ್ಟ್ ಬೇಕು ಅಂತ ಯಾರು ಬರೀತಾರ?

ಇನ್ನೊಂದು ಮಾತು. ಆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ತಂಡ ವರ್ಷಕ್ಕ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನ ನೋಡ್ಬೇಕು ಅಂತ ನಿಯಮ ಐತಿ. ನಮ್ಮಂಥ ಕೂಸು ಅಂಗನವಾಡಿಗೆ ಹೋಗಂಗ ಇಲ್ಲಲ್ರಿ! ಯಾರಿಗೆ ಭಾಳ ಗರಜ ಐತಿ ಅವ್ರ ಬಿಟ್ಟು ಹೋಗ್ತಾರ. ಆಶಾ ಅಕ್ಕಾರು ಹುಟ್ಟಿದ ಮ್ಯಾಲ 42 ದಿನದ ತನಕ, ಆಮ್ಯಾಲ 3, 6, 9, 12, 15ನೇ ತಿಂಗಳಿಗೆ ಮನಿಗೆ ಬಂದು ನೋಡೂ ಪದ್ಧತಿ ಐತಿ, ತಾಯಿ ಕಾರ್ಡಿನ್ಯಾಗ ಯಾವ ತಿಂಗಳಿಗೆ ಕೂಸು ಏನ್ ಮಾಡ್ಬೇಕು ಅಂತ ಚಿತ್ರನೂ ಅದಾವು. ನಮ್ಮ ಆಶಾ ಅಕ್ಕ ತೂಕ ನೋಡಿ, ಕಾರ್ಡ್ ತಗದು ಚಿತ್ರಕ್ಕ ಬಟ್ಟ ಇಟ್ಟು ಇದು ಮಾಡ್ತಾಳೇನವಾ ಅಂತ ಕೇಳಿದ್ದು ನನಗ ಭಾಳ ಆಧಾರ ಆತು. ಆದ್ರ ಮುಂದ ಕಳಸೂದು ಎಲ್ಲಿಗೆ ಅಂದಾಗ ಅವ್ರ ಹತ್ರನೂ ಉತ್ತರ ಬಾಗಲಕೋಟಿನ. 2023ರ ನವೆಂಬರ್‌ದಾಗ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದಿವ್ಯಾಂಗ ಮಕ್ಕಳಿಗಂತ ಅಂಗನವಾಡಿ ಪ್ರೋಟೋಕಾಲ್ ತಂದೈತಿ. ಅದನ್ನ ಹಾಳಿ ಮ್ಯಾಲ ಬಿಡದ, ಮಲಗಿದಲ್ಲೇ ಇರೋ ಕೂಸುಗಳ ಮನಿ ಬಾಗಲಿಗೆ ಡಾಕ್ಟರ್ ತಂಡ ಬರೂಹಂಗ ಮಾಡ್ಬೇಕು.

ಈ ಪತ್ರ ಓದೂ ತಾಯಂದ್ರಿಗೂ ಒಂದು ಹೇಳ್ಬೇಕು, ಯಾಕಂದ್ರ ಇದು ಭಾಳ ಮಂದಿಗೆ ಗೊತ್ತಿರಂಗಿಲ್ಲ. ಫಿಟ್ಸ್ ಅಂದ್ರ ಕೈಕಾಲು ಬಡದು ಬಾಯಾಗ ನೊರಿ ಬರೂದು ಅಷ್ಟ ಅಲ್ಲ. ಮೂರು ತಿಂಗಳಿಂದ ವರ್ಷದೊಳಗಿನ ಕೂಸು ನಿದ್ದಿಯಿಂದ ಎದ್ದಾಗ ಗಪ್ಪನ ತಲಿ ಮುಂದ ಬಗ್ಗಿಸಿ ಎರಡೂ ಕೈ ಎತ್ತಿ ಬೆಚ್ಚಿ ಬಿದ್ದಂಗ ಮಾಡ್ತೈತಿ, ಸ್ವಲ್ಪ ಬಿಟ್ಟು ಮತ್ತ, ಮತ್ತ, ಸಾಲಾಗಿ ಬರ್ತಾವು. ಹೊಟ್ಟಿನೋವು ಅಂತಾರ, ನೆದರ ಆಗೈತಿ ಅಂತಾರ, ಬಾಲಗ್ರಹ ಅಂತ ತಾಯತ ಕಟ್ಟಸ್ತಾರ. ಅದು ಇನ್‌ಫೆಂಟೈಲ್ ಸ್ಪಾಸಮ್ ಅನ್ನೂ ಫಿಟ್ಸ್ ಇರಬಹುದು, ಅದಕ್ಕ ಔಷಧಿ ಐತಿ, ಆದ್ರ ದಿನಾ ತಡಾ ಆದಂಗ ಕೂಸು ಕಲ್ತದ್ದೂ ಮರೀತೈತಿ. ಮೊಬೈಲ್‌ದಾಗ ವಿಡಿಯೋ ಮಾಡ್ಕೊಂಡು ಅದ ದಿನ ಮಕ್ಕಳ ಡಾಕ್ಟರಿಗೆ ತೋರಸ್ರಿ, ಇಇಜಿ ಅಂತ ತಲಿಗೆ ವಾಯರ್ ಹಚ್ಚಿ ಟೆಸ್ಟ್ ಮಾಡ್ತಾರ, ನೋವು ಇರಂಗಿಲ್ಲ. ಆರಾಮ ಕಂಡ್ಲು ಅಂತ ಫಿಟ್ಸಿನ ಔಷಧಿ ನೀವ ಬಿಡಬ್ಯಾಡ್ರಿ, ಒಮ್ಮಿಂದೊಮ್ಮೆ ನಿಲ್ಸಿದ್ರ ಜೋರಾಗಿ ಬರ್ತಾವು. ಐದು ನಿಮಿಷ ದಾಟಿದ್ರೂ ಫಿಟ್ಸ್ ನಿಲ್ಲಲಿಲ್ಲ ಅಂದ್ರ ಅದು ಎಮರ್ಜೆನ್ಸಿ, ಫಿಟ್ಸ್ ನಿಲ್ಲಸಾಕ ಮೂಗಿನ್ಯಾಗ ಹೊಡಿಯೂ ಮಿಡಾಜೋಲಮ್ ಸ್ಪ್ರೇ ಮನ್ಯಾಗ ಇಟ್ಕೋಬೇಕೇನು, ಎಷ್ಟು ಹೊಡಿಬೇಕು ಅಂತ ನಿಮ್ಮ ಡಾಕ್ಟರನ್ನ ಮೊದ್ಲ ಕೇಳಿ ಬರಸ್ಕೋರಿ.

ಕಾಗದಪತ್ರದ್ದು ದೊಡ್ಡ ಕಥಿ, ಸಣ್ಣಗ ಹೇಳ್ತೀನಿ. 2016ರ ಅಂಗವಿಕಲರ ಹಕ್ಕಿನ ಕಾಯ್ದೆದಾಗ 21 ಥರದ ಅಂಗವೈಕಲ್ಯ ಸೇರ್ಯಾವು, ಯುಡಿಐಡಿ ಅನ್ನೂ ಅಂಗವಿಕಲರ ಗುರ್ತಿನ ಕಾರ್ಡ್ ಮಾಡಸ್ರಿ, ಸಣ್ಣ ಕೂಸಿಗೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಡ್ತಾರ, ಮುಂದ ಮತ್ತ ನೋಡ್ತಾರ. ಸೆರೆಬ್ರಲ್ ಪಾಲ್ಸಿ (ಮೆದುಳಿನ ಪೆಟ್ಟಿನಿಂದ ಮೈ-ಕೈಕಾಲು ಹಿಡಿತ ತಪ್ಪೂದು), ಬುದ್ಧಿ ಬೆಳವಣಿಗಿ ತೊಂದ್ರಿ, ಆಟಿಸಂ, ಬಹುವಿಕಲತೆ ಇದ್ದವ್ರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಅನ್ನೂ ಆರೋಗ್ಯ ವಿಮಾ ಐತಿ, ವರ್ಷಕ್ಕ ಒಂದು ಲಕ್ಷದ ತನಕ, ಥೆರಪಿ ಖರ್ಚೂ ಅದ್ರಾಗ ಬರ್ತೈತಿ. ಹಳ್ಳ್ಯಾಗಿದ್ರ ಪಂಚಾಯ್ತಿ ಮಟ್ಟದ ವಿಆರ್‌ಡಬ್ಲ್ಯೂ, ತಾಲೂಕಿನ್ಯಾಗ ಎಂಆರ್‌ಡಬ್ಲ್ಯೂ ಅಂತ ಅಂಗವಿಕಲರಿಗೆ ನೆರವಾಗೂ ಕಾರ್ಯಕರ್ತರು ಇರ್ತಾರ, ಅವ್ರನ್ನ ಹುಡ್ಕಿ ಕೇಳ್ರಿ. ನನಗ ಇದನ್ನ ಹೇಳಿದ್ದು ಯಾವ ಆಫೀಸೂ ಅಲ್ಲ, ದವಾಖಾನಿ ಬಾಕಿನ ಮ್ಯಾಲ ಬಾಜೂಕ ಕುಂತಿದ್ದ ಮುಧೋಳ ಕಡಿಯಾಕಿ ಒಬ್ಬಾಕಿ ತಾಯಿ.

ಮಂದಿ ಮಾತಿಗೆ ನಾನು ಈಗ ಅಂಜಂಗಿಲ್ಲ. ಮದವಿಗೆ ಹೋದ್ರ ಇನ್ನೂ ಕುಂದ್ರಂಗಿಲ್ಲೇನ, ಮೂಗಿಗೆ ಅದೇನ ಅಂತ ಕೇಳ್ತಾರ, ಹೇಳ್ತೀನಿ. ಕೇಳೂದಕ್ಕ ಸಿಟ್ಟಿಲ್ಲ. ಮುಖಾ ಹೊಳ್ಳಿಸಿ ಹಿಂದಿನ ಜನ್ಮದ್ದು ಅಂತ ಅಂದಾಗ ಮಾತ್ರ ಎದಿ ಉರೀತೈತಿ. ನನ್ನ ಮಗಳು ಯಾವ ಕರ್ಮದ ಫಲಾನೂ ಅಲ್ಲ, ಆಕಿಗೆ ಹುಟ್ಟೂಮುಂದ ಆಕ್ಸಿಜನ್ ಸಾಲಲಿಲ್ಲ, ಅಷ್ಟ. ಇನ್ನ ಕೆಲವ್ರು ಕಾಳಜಿಲೆ ಹೇಳ್ತಾರ, ತಡಾ ಆಗಿ ಕಲೀತಾವು ಬಿಡವಾ, ನಮ್ಮ ತಮ್ಮನೂ ಮೂರು ವರ್ಷಕ್ಕ ನಡದಾನ ಅಂತ. ಅವ್ರ ಮನಸು ಚಲೋ, ಆದ್ರ ಆ ಮಾತು ಕೇಳಿ ಸುಮ್ನ ಕುಂತ ಮನಿಗಳಾಗ ಕೂಸಿನ ಚಲೋ ವ್ಯಾಳ್ಯಾ ಕಳದು ಹೋಗ್ತೈತಿ. ನಾಕು ತಿಂಗಳಾದ್ರೂ ಗೋಣು ನಿಂತಿಲ್ಲ, ದನಿಗೆ ಹೊಳ್ಳಿ ನೋಡಂಗಿಲ್ಲ, ಒಂದ ಕೈ ಯಾವಾಗ್ಲೂ ಮುಷ್ಟಿ ಹಿಡದಿರತೈತಿ ಅಂದ್ರ ತೋರಿಸ್ಬೇಕು, ಏನೂ ಇಲ್ಲ ಅಂದ್ರ ಹೊಳ್ಳಿ ಬರೂದು.

ಅದಕ್ಕ ಜಿಲ್ಲಾ ಆರೋಗ್ಯ ಇಲಾಖಿಯವ್ರಿಗೆ, ನಮ್ಮ ಶಾಸಕರಿಗೆ, ಜಿಲ್ಲಾ ಉಸ್ತುವಾರಿ ಮಂತ್ರಿಗಳಿಗೆ ನಿಮ್ಮ ಪೇಪರ್ ಮೂಲಕ ಕೈ ಮುಗದು ಕೇಳ್ತೀನಿ. ಹೊಸ ಬಿಲ್ಡಿಂಗ್ ಬ್ಯಾಡ್ರಿ. ತಾಲೂಕು ದವಾಖಾನ್ಯಾಗ ಒಂದು ಖೋಲಿ, ನೆಲಕ್ಕ ಹಾಸಾಕ ಮ್ಯಾಟು, ಜಿಲ್ಲಾ ಸೆಂಟರಿನಿಂದ ವಾರಕ್ಕ ಒಂದು ಗೊತ್ತಾದ ದಿನ ಬರೂ ಥೆರಪಿಯವ್ರು, ಸಂತಿ ದಿನ ಇಟ್ರ ಇನ್ನೂ ಚಲೋ, ಹಳ್ಳಿಯವ್ರು ಹೆಂಗೂ ಬರ್ತಾರ. ಉಳದ ಆರು ದಿನ ಮನ್ಯಾಗ ಏನ್ ಮಾಡ್ಬೇಕು ಅಂತ ತಾಯಿಗೆ, ಆಯಿಗೆ, ಅಂಗನವಾಡಿ ಅಕ್ಕಾರಿಗೆ ಕಲಿಸಿ ಕಳಸ್ರಿ, ನಾವು ಮಾಡ್ತೀವಿ. ಫಿಟ್ಸಿನ ಸಿರಪ್ಪು, ಕೂಸಿನ ಅಳತಿ ಪೈಪು ಅಲ್ಲೇ ಸಿಗೂಹಂಗ ಮಾಡ್ರಿ, ಅದಕ್ಕೊಂದಕ್ಕ ಊರೂರು ಅಲಿಯೂದು ತಪ್ಪತೈತಿ. ರಬಕವಿ-ಬನಹಟ್ಟಿಗೆ ಅಷ್ಟ ಅಲ್ಲ, ಬೀಳಗಿ, ಹುನಗುಂದ, ಬಾದಾಮಿ ಎಲ್ಲಾ ತಾಲೂಕಿಗೂ ಬೇಕು. ನಿಮ್ಮ ವರದಿಗಾರರು ಒಮ್ಮಿ ಇಂಥ ಮನಿಗಳಿಗೆ ಬಂದು ನೋಡಿ ಬರೀಲಿ ಅಂತನೂ ಕೇಳ್ಕೋತೀನಿ. ನಮ್ಮ ಓಣ್ಯಾಗ ಅಡ್ರೆಸ್ ಕೇಳಿದ್ರ ಯಾರಾದ್ರೂ ತೋರಿಸ್ತಾರ, ಮುಂಜಾನೆ ಹತ್ತರ ಮ್ಯಾಲ ಬರ್ಲಿ, ಅಷ್ಟೊತ್ತಿಗೆ ಕೂಸಿನ ಹಾಲು, ವ್ಯಾಯಾಮ ಮುಗದಿರತೈತಿ.

ಹೆಸ್ರು ಹಾಕಬ್ಯಾಡ್ರಿ, ಮಗಳು ಸಣ್ಣಾಕಿ ಅದಾಳ.

ಇಂತಿ,
ಒಬ್ಬ ತಾಯಿ
ಬನಹಟ್ಟಿ, ಬಾಗಲಕೋಟೆ ಜಿಲ್ಲೆ