ಅಪ್ಪನಿಗೆ, ಕ್ರಾಯ್ಡನ್‌ನಿಂದ

ಕ್ರಾಯ್ಡನ್, ಲಂಡನ್

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ಫೋನಿನಲ್ಲಿ ನೀವು ಕೇಳಿದ್ದಕ್ಕೆ ಅವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ, ಅಮ್ಮನ ಮಿಕ್ಸಿ ಸದ್ದು ಬೇರೆ. "ಕಂಪ್ಯೂಟರೇ ಬಿಲ್ಡಿಂಗ್ ಡಿಸೈನ್ ಮಾಡುತ್ತೆ ಅಂದ್ರೆ ನೀನೇನು ಮಾಡ್ತೀಯಾ? ನಾಳೆ ಬಿದ್ರೆ ಯಾರನ್ನ ಹಿಡಿಯೋದು?" ಅಂದಿರಿ. ಬರೆದೇ ಹೇಳುತ್ತೇನೆ.

ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಹಾಗೆ ಮಾಡಿದ ಕೋಣೆಗಳನ್ನು ತಂದು ಪೇರಿಸುವ ಕಟ್ಟಡಗಳ ಡಿಸೈನ್ ನಮ್ಮ ಕೆಲಸ. ಅಂಥದ್ದೇ 44 ಮಹಡಿಯ ಕಟ್ಟಡ ಇಲ್ಲೇ ಜಾರ್ಜ್ ಸ್ಟ್ರೀಟಿನಲ್ಲಿದೆ. 546 ಮನೆಗಳು, 2020ರಲ್ಲಿ ಮುಗಿದದ್ದು. ಮೊದಲು ಲಿಫ್ಟು, ಮೆಟ್ಟಿಲು ಇರುವ ಕಾಂಕ್ರೀಟ್ ಕೋರ್ ಎಬ್ಬಿಸಿದರು. ಕೋಣೆಗಳೆಲ್ಲ ಬೆಡ್‌ಫರ್ಡ್‌ನ ಕಾರ್ಖಾನೆಯಲ್ಲೇ ತಯಾರಾದವು: ಸ್ಟೀಲ್ ಚೌಕಟ್ಟು, ಕಾಂಕ್ರೀಟ್ ನೆಲ, ವೈರಿಂಗ್, ಬಚ್ಚಲು ಸಮೇತ. ಲಾರಿಯಲ್ಲಿ ತಂದು, ಕ್ರೇನಿನಲ್ಲಿ ಎತ್ತಿ ಒಂದರ ಮೇಲೊಂದು ಕೂರಿಸಿ ಕೋರಿಗೆ ಬಿಗಿದರು. ಗಾಳಿಯ ತಳ್ಳಾಟವೆಲ್ಲ ಕೋರಿನ ಪಾಲಿಗೆ.

ತಲೆನೋವೆಲ್ಲ ಮಿಲಿಮೀಟರಿನದು. ಒಂದೊಂದು ಪೆಟ್ಟಿಗೆಯೂ ಒಂದೇ ಕಡೆಗೆ 2 ಮಿ.ಮೀ. ವಾಲಿದರೆ 40ನೇ ಮಹಡಿಯ ಹೊತ್ತಿಗೆ 8 ಸೆಂ.ಮೀ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 930 ಸ್ಟೀಲ್ ಪೆಟ್ಟಿಗೆಗಳ 32 ಮಹಡಿ ಕಟ್ಟಡ ಹೀಗೇ ಅಳತೆ ಕೂಡದೆ, ನೀರು ಸೋರಿ, ಕೋರ್ಟು ಮೆಟ್ಟಿಲು ಹತ್ತಿ, 2012ರಲ್ಲಿ ಶುರುವಾದದ್ದು ಮುಗಿದದ್ದು 2016ಕ್ಕೆ. ನಮ್ಮ ತಂಡದ ಎಐ ಇಲ್ಲಿ ಕೆಲಸಕ್ಕೆ ಬರುತ್ತೆ. ಕಾರ್ಖಾನೆ ಬಿಡುವ ಮುಂಚೆ ಪ್ರತಿ ಪೆಟ್ಟಿಗೆಗೂ ಲೇಸರ್ ಸ್ಕ್ಯಾನ್ ಮಾಡುತ್ತೇವೆ. ಬಲಕ್ಕೆ ವಾಲಿದ್ದರ ಮೇಲೆ ಎಡಕ್ಕೆ ವಾಲಿದ್ದು ಬರುವ ಹಾಗೆ ಅದು ಜೋಡಿ ಹುಡುಕುತ್ತೆ, ಅಜ್ಜಿ ಜಾತಕ ಕೂಡಿಸುತ್ತಿದ್ದ ಹಾಗೆ.

ಎಐನ ಇನ್ನೊಂದು ಕೆಲಸ ಸೆಕ್ಷನ್, ಅಂದರೆ ಕಂಬ ತೊಲೆಗಳ ಅಳತೆ, ಆರಿಸುವುದು. ಮೇಲಿನ ಮಹಡಿಗಳಲ್ಲಿ ಭಾರ ಕಮ್ಮಿ, ತೆಳು ಕಂಬ ಸಾಕು. ಆದರೆ "ಸ್ಟೀಲ್ ಉಳಿಸು" ಅಂತಷ್ಟೇ ಹೇಳಿಬಿಟ್ಟರೆ ಮಹಡಿಗೊಂದು ಸೈಜ್ ಕೊಟ್ಟು ಕೂರುತ್ತೆ. ಆಗ ಫೋರ್‌ಮನ್ ನನ್ನ ಮೇಲೆ ಹಾರಾಡುತ್ತಾನೆ. ಅವನ ಮಾತೂ ಸರಿಯೇ, ಒಂದೇ ಅಳತೆಯದನ್ನು ಮತ್ತೆ ಮತ್ತೆ ವೆಲ್ಡ್ ಮಾಡಿದರೆ ತಾನೆ ಕಾರ್ಖಾನೆ ನಡೆಯೋದು? ಎಷ್ಟು ಬಗೆ ಸಾಕು, ಎಷ್ಟು ಸ್ಟೀಲ್ ಹೋದರೆ ಹೋಗಲಿ ಅನ್ನುವುದನ್ನು ನಾವು ಕೂತು, ಜಗಳವಾಡಿ ತೀರ್ಮಾನಿಸುತ್ತೇವೆ.

ಬಿದ್ದರೆ ಹಿಡಿಯುವುದು ನಮ್ಮನ್ನೇ, ಡ್ರಾಯಿಂಗ್ ಮೇಲಿನ ಸಹಿ ನಮ್ಮದು. 1968ರ ಮೇ ತಿಂಗಳಲ್ಲಿ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿ ಕಟ್ಟಡದ 18ನೇ ಮಹಡಿಯಲ್ಲಿ ಒಬ್ಬಾಕೆ ಬೆಳಗಿನ ಟೀಗೆ ಒಲೆ ಹಚ್ಚಿದರು. ಗ್ಯಾಸ್ ಸಿಡಿದು ಒಂದು ಗೋಡೆ ಕಿತ್ತುಹೋಯಿತು, ಜೋಡಿಸಿ ಕಟ್ಟಿದ ಕಾಂಕ್ರೀಟ್ ಹಲಗೆಗಳು ಮೂಲೆಪೂರ್ತಿ ಕೆಳಗಿನವರೆಗೂ ಕುಸಿದವು. ನಾಲ್ವರು ಸತ್ತರು, ಟೀಗೆ ಒಲೆ ಹಚ್ಚಿದಾಕೆ ಬದುಕಿದರು. ಅಲ್ಲಿಂದಾಚೆಗೆ ಇಲ್ಲಿ ಕಾನೂನೇ ಬದಲಾಯಿತು: ಎಲ್ಲೋ ಒಂದು ಆಸರೆ ಹೋದರೂ ಮಿಕ್ಕದ್ದು ನಿಲ್ಲಬೇಕು. ನಾವೂ ಒಂದೊಂದೇ ಕಂಬವನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡುತ್ತೇವೆ. ಯಂತ್ರ ಅದನ್ನು ಬೇಗ ಮಾಡುತ್ತೆ ನಿಜ, ಅನುಮಾನ ಬಂದ ಕಡೆ ನಾನು ಪೆನ್ನು ಹಿಡಿದೇ ಲೆಕ್ಕ ಹಾಕುತ್ತೇನೆ.

ಇಂಥ ಕಟ್ಟಡಗಳಿಗೆ ಹಾಕುವ "ಪರಿಸರಸ್ನೇಹಿ" ಬೋರ್ಡಿನ ಬಗ್ಗೆ ನನಗೆ ಅರ್ಧ ನಂಬಿಕೆ. ಸೈಟಿನಲ್ಲಿ ಧೂಳು, ಪೋಲು ಎರಡೂ ಕಮ್ಮಿ, ಒಪ್ಪುತ್ತೇನೆ. ಆದರೆ ಪೆಟ್ಟಿಗೆಯ ಪಕ್ಕ ಪೆಟ್ಟಿಗೆ ಇಟ್ಟರೆ ಗೋಡೆ ಎರಡೆರಡು, ಒಂದರ ಸೂರಿನ ಮೇಲೆ ಇನ್ನೊಂದರ ನೆಲ. ಎಐ ಅಲ್ಲಿ ಇಲ್ಲಿ ಕೆತ್ತಿ ಉಳಿಸುವುದಕ್ಕಿಂತ ಸ್ಟೀಲ್ ಯಾವ ಕುಲುಮೆಯಿಂದ ಬಂತು ಅನ್ನುವುದೇ ದೊಡ್ಡದು. ಕಲ್ಲಿದ್ದಲಿನಿಂದ ಅದಿರು ಕರಗಿಸುವ ಬ್ಲಾಸ್ಟ್ ಫರ್ನೇಸಿನ ದಾರಿಯಲ್ಲಿ ಟನ್ ಸ್ಟೀಲಿಗೆ ಸುಮಾರು 2.3 ಟನ್ ಇಂಗಾಲದ ಡೈಆಕ್ಸೈಡ್, ಗುಜರಿ ಕರಗಿಸುವ ಆರ್ಕ್ ಫರ್ನೇಸಿನಲ್ಲಿ 0.7ರ ಆಸುಪಾಸು. ಟಾಟಾದವರು ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಕೊನೆಯ ಬ್ಲಾಸ್ಟ್ ಫರ್ನೇಸನ್ನು 2024ರ ಸೆಪ್ಟೆಂಬರ್‌ನಲ್ಲಿ ಆರಿಸಿದರು, ಅಲ್ಲಿ ಆರ್ಕ್ ಫರ್ನೇಸ್ ಬರುತ್ತಿದೆ. ಗೇಟಿನ ಮುಂದೆ ನಿಂತ ಕೆಲಸಗಾರರನ್ನು ಟಿವಿಯಲ್ಲಿ ನೋಡಿ ನೀವು ಕೆಲಸ ಮಾಡಿದ ಉಕ್ಕಿನ ಕಾರ್ಖಾನೆಯ ನಮ್ಮ ಭದ್ರಾವತಿ ನ್ಯೂಟೌನೇ ಕಣ್ಣ ಮುಂದೆ ಬಂತು. ಹೊಗೆ ಕಮ್ಮಿಯಾಗಬೇಕು ಅನ್ನುವುದೂ ನಾನೇ, ಅವರನ್ನು ಕಂಡು ಊಟ ಸೇರದವಳೂ ನಾನೇ.

ಈಗ ನನ್ನದೊಂದು ಪ್ರಶ್ನೆ. ಗುಜರಿಯಲ್ಲಿ ಹಳೇ ಕಾರಿನ ವೈರು, ಮೋಟಾರು ಸೇರಿ ತಾಮ್ರ ಉಳಿದುಬಿಡುತ್ತೆ, ಕಾದ ಸ್ಟೀಲನ್ನು ರೋಲರ್‌ನಲ್ಲಿ ಒತ್ತುವಾಗ (ರೋಲಿಂಗ್) ಬಿರುಕು ಬರುತ್ತೆ ಅಂತಾರೆ. ನಿಮ್ಮ ಆರ್ಕ್ ಫರ್ನೇಸಿನಲ್ಲಿ ಇದಕ್ಕೆ ಏನು ಮಾಡುತ್ತಿದ್ದಿರಿ? ಗುಜರಿ ಆರಿಸುವುದು ಬಿಟ್ಟು ಬೇರೆ ಉಪಾಯವಿತ್ತೇ? ನಿಮ್ಮ ಜೊತೆಯವರನ್ನೂ ಕೇಳಿ ಬರೆಯಿರಿ.

ಅಮ್ಮನಿಗೆ ಹೇಳಿ, ಚಟ್ನಿಪುಡಿ ಇನ್ನೂ ಇದೆ, ಸದ್ಯಕ್ಕೆ ಕಳಿಸುವುದು ಬೇಡ.

ನಿಮ್ಮ ಮಗಳು,
ಶುಭಾ